ಹಿರಿಯರನ್ನು ಊರಿನ ಮಕ್ಕಳೇ ಕೇಳಿ ದಾಖಲಿಸಿದ ಇತಿಹಾಸ: ಇನುಯಿಟ್ ಸಮುದಾಯಗಳ ಅನುಭವದ ಕುರಿತು ಚರ್ಚೆ

ಉತ್ತರಾಪಥ (ಚರ್ಚೆ ಆರಂಭಿಸಿದವರು)

ಸದಸ್ಯರೆಲ್ಲರಿಗೂ ನಮಸ್ಕಾರ. ಮೌಖಿಕ ಇತಿಹಾಸದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಧ್ವನಿಮುದ್ರಣದ ಉಪಕರಣ, ಸಂಗ್ರಹದ ಜಾಗ, ಹಣದ ಮೂಲ ಇವುಗಳ ಸುತ್ತಲೇ ಸುತ್ತುತ್ತದೆ. ಹಿರಿಯರ ಎದುರು ಕುಳಿತು ಪ್ರಶ್ನೆ ಕೇಳುವವರು ಯಾರು ಎಂಬುದನ್ನು ನಾವು ಹೆಚ್ಚಾಗಿ ವಿಚಾರಿಸುವುದಿಲ್ಲ. ಆ ಒಂದು ಸಂಗತಿಯನ್ನೇ ಮುಂದಿಟ್ಟುಕೊಂಡು, ಕೆನಡಾದ ಉತ್ತರ ಭಾಗದ ಇನುಯಿಟ್ ಜನರು ಕಳೆದ ನಾಲ್ಕು ದಶಕಗಳಲ್ಲಿ ಮಾಡಿರುವ ಕೆಲಸವನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ನಮ್ಮ ಹಳೆಯ ಶಾಲಾ ಪಠ್ಯಗಳು ಇವರನ್ನು ಎಸ್ಕಿಮೊಗಳೆಂದು ಕರೆದು, ಹಿಮದ ಮನೆ ಮತ್ತು ನಾಯಿಗಾಡಿಗಳ ವರ್ಣನೆಗೆ ಪಾಠ ಮುಗಿಸಿಬಿಡುತ್ತಿದ್ದವು. ಅವರಿಗೆ ಇಪ್ಪತ್ತನೆಯ ಶತಮಾನದ ಇತಿಹಾಸವೊಂದಿದೆ, ಅದು ಸರ್ಕಾರಿ ಕಡತಗಳೊಂದಿಗೆ ನೇರವಾಗಿ ಜಗಳಕ್ಕೆ ನಿಂತ ಇತಿಹಾಸ ಎಂಬ ಸೂಚನೆಯೂ ಅಲ್ಲಿರಲಿಲ್ಲ.

ಮೊದಲು ಇಗ್ಲೂಲಿಕ್ ಊರನ್ನು ನೋಡೋಣ. ಇದು ನುನಾವುಟ್ ಪ್ರಾಂತದಲ್ಲಿ ಸುಮಾರು 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ, ಎರಡು ಸಾವಿರದಷ್ಟು ಜನರಿರುವ ದ್ವೀಪದೂರು. ಹೊರಗಿನ ಭಾಷೆ ಮನೆಯೊಳಗೆ ನುಗ್ಗುತ್ತದೆಂಬ ಆತಂಕದಿಂದ ಮತದಾನ ನಡೆಸಿ ಎರಡು ಬಾರಿ ದೂರದರ್ಶನವನ್ನೇ ನಿರಾಕರಿಸಿದ ಊರು ಇದು. ತಮ್ಮದೇ ಇನುಕ್ಟಿಟುಟ್ ಭಾಷೆಯ ಕಾರ್ಯಕ್ರಮಗಳು ಪ್ರಸಾರವಾಗತೊಡಗಿದ ಮೇಲೆ, 1983ರಲ್ಲಷ್ಟೇ ಅವರು ಒಪ್ಪಿಗೆ ಕೊಟ್ಟರು. ಇಂಥ ಊರಿನಲ್ಲಿ 1986ರಲ್ಲಿ ಮೌಖಿಕ ಇತಿಹಾಸ ಯೋಜನೆಯೊಂದು ಆರಂಭವಾಯಿತು. ಬಯಲಿನಲ್ಲಿ, ಬೇಟೆಯ ಬೀಡುಗಳಲ್ಲಿ ಹುಟ್ಟಿ ಬೆಳೆದ ಕೊನೆಯ ತಲೆಮಾರಿನ ಹಿರಿಯರು, ತಾವು ಹೋದ ಮೇಲೆ ತಮ್ಮ ತಿಳಿವಳಿಕೆಯೂ ಹೋಗುತ್ತದೆ ಎಂದು ಕಳವಳಪಟ್ಟದ್ದೇ ಅದರ ಮೂಲ. ಊರಿನ ಸಂಶೋಧನಾ ಕೇಂದ್ರವೂ ಹಿರಿಯರ ಸಂಘವೂ ಕೂಡಿ, ಊರಿನವರಿಂದಲೇ, ಅವರ ಭಾಷೆಯಲ್ಲಿಯೇ ಐನೂರಕ್ಕೂ ಹೆಚ್ಚು ಸಂದರ್ಶನಗಳನ್ನು ದಾಖಲಿಸಿದವು. ನಕ್ಷತ್ರ ನೋಡಿ ದಿಕ್ಕು ಹಿಡಿಯುವುದು, ವಾಯುವ್ಯದ ಗಾಳಿ ಕಟ್ಟಿದ ನಾಲಿಗೆಯಾಕಾರದ ಹಿಮದ ದಿಬ್ಬಗಳನ್ನು ನಂಬಿ ಮಂಜಿನಲ್ಲಿಯೂ ದಾರಿ ತಪ್ಪದೆ ನಡೆಯುವುದು, ಸುಮಾರು ಒಂದೂವರೆ ತಿಂಗಳ ಕತ್ತಲೆಯ ಬಳಿಕ ಜನವರಿ ನಡುವಿನಲ್ಲಿ ಸೂರ್ಯ ಮರಳಿದಾಗ ಮಕ್ಕಳು ಮನೆಮನೆಗೆ ಓಡಿ ಸೀಲ್ ಎಣ್ಣೆಯ ದೀಪಗಳನ್ನು ಆರಿಸಿ ಹೊಸ ಬೆಂಕಿಯಿಂದ ಹೊತ್ತಿಸುತ್ತಿದ್ದ ಪದ್ಧತಿ, ಹಳೆಯ ಮಾಂತ್ರಿಕರ ಕಾಲ, ಪಾದ್ರಿಗಳ ಆಗಮನ, ನಂಟಸ್ತಿಕೆಯ ಜಾಲ, ಎಲ್ಲವೂ ಅದರಲ್ಲಿವೆ.

ಎರಡನೆಯದು ನುನಾವುಟ್ ರಾಜಧಾನಿ ಇಕಲುವಿಟ್‌ನ ನುನಾವುಟ್ ಆರ್ಕ್ಟಿಕ್ ಕಾಲೇಜಿನ ಪ್ರಯತ್ನ. 1990ರ ದಶಕದ ನಡುವಿನಲ್ಲಿ ಅಲ್ಲಿ ಮೌಖಿಕ ಪರಂಪರೆಯ ಪಾಠಕ್ರಮ ನಡೆದಾಗ, ಹಿರಿಯರನ್ನೇ ತರಗತಿಗೆ ಕರೆಸಿ, ಇನುಯಿಟ್ ವಿದ್ಯಾರ್ಥಿಗಳಿಂದಲೇ ಪ್ರಶ್ನೆ ಕೇಳಿಸಿ, ಆ ಮಾತುಕತೆಗಳನ್ನು 1999ರಿಂದ ಸಂಪುಟಗಳಾಗಿ ಪ್ರಕಟಿಸಲಾಯಿತು. ಮೂರನೆಯದು ಹಡ್ಸನ್ ಕೊಲ್ಲಿಯ ಪಶ್ಚಿಮ ದಡದ ಆರ್ವಿಯಾಟ್ ಊರಿನ ನಾನಿಸಿನಿಕ್ ಯೋಜನೆ. 2010ರ ನಂತರದ ಈ ಕೆಲಸದಲ್ಲಿ ಊರಿನ ಕೆಲವು ತರುಣ ತರುಣಿಯರು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ನೆರವಿನೊಂದಿಗೆ ಕ್ಯಾಮೆರಾ ಹಿಡಿದು ಹಿರಿಯರ ಬಳಿ ಕುಳಿತರು, ಚಿತ್ರಿಸಿದ್ದನ್ನು ಅಂತರ್ಜಾಲಕ್ಕೆ ಏರಿಸಿದರು, 2011ರಲ್ಲಿ ಡರ್ಬನ್ ಹವಾಮಾನ ಸಮ್ಮೇಳನದವರೆಗೂ ಹೋಗಿ ಬಂದರು.

ಈ ಮೂರನ್ನೂ ಗಮನಿಸಿದ ಮೇಲೆ ನನ್ನ ಅಭಿಪ್ರಾಯ ಇದು: ಹೊರಗಿನ ವಿದ್ವಾಂಸನಿಗೆ ಹೇಳಿದ ಮಾತು ಮಾಹಿತಿಯಾಗಿ ಉಳಿಯುತ್ತದೆ, ಊರಿನ ಹುಡುಗಿಗೆ ಹೇಳಿದ ಮಾತು ಹೊಣೆಯಾಗಿ ದಾಟುತ್ತದೆ. ತಮ್ಮೆಲ್ಲರ ಅಭಿಪ್ರಾಯಗಳಿಗೆ, ಆಕ್ಷೇಪಗಳಿಗೂ, ಸ್ವಾಗತ.

ಕಡತದ ಕೋಣೆ

ಉತ್ತರಾಪಥ ಅವರಿಗೆ ವಂದನೆಗಳು. ನಾನು ಪತ್ರಾಗಾರದ ಕೆಲಸ ಬಲ್ಲವಳಾದ್ದರಿಂದ, ತಾವು ಬಿಟ್ಟಿರುವ ಒಂದು ಉದಾಹರಣೆಯನ್ನು ಸೇರಿಸುತ್ತೇನೆ. ನನ್ನ ದೃಷ್ಟಿಯಲ್ಲಿ ತಮ್ಮ ವಾದಕ್ಕೆ ಅದೇ ಎಲ್ಲಕ್ಕಿಂತ ಗಟ್ಟಿಯಾದ ಆಧಾರ.

ಒಟ್ಟಾವಾದಲ್ಲಿರುವ ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿ ಉತ್ತರದ ಜನರ ಸಾವಿರಾರು ಛಾಯಾಚಿತ್ರಗಳಿವೆ. ತೆಗೆದವರು ಪೊಲೀಸರು, ಪಾದ್ರಿಗಳು, ವೈದ್ಯರು, ಸರ್ಕಾರಿ ನೌಕರರು, ಪತ್ರಿಕೆಗಳ ಛಾಯಾಗ್ರಾಹಕರು. ತೆಗೆದವನ ಹೆಸರು, ತಾರೀಖು, ಸ್ಥಳ ಎಲ್ಲವೂ ಅಚ್ಚುಕಟ್ಟಾಗಿ ದಾಖಲಾಗಿವೆ. ಚಿತ್ರದಲ್ಲಿರುವ ಮನುಷ್ಯರಿಗೆ ಮಾತ್ರ ಹೆಸರಿಲ್ಲ. ಒಬ್ಬ ಎಸ್ಕಿಮೊ ಹೆಂಗಸು, ಗುರುತಿಲ್ಲದ ಬೇಟೆಗಾರ ಎಂಬಷ್ಟೇ ಅಡಿಟಿಪ್ಪಣಿ. 2001ರಲ್ಲಿ ಒಟ್ಟಾವಾದ ನುನಾವುಟ್ ಸಿವುನಿಕ್ಸಾವುಟ್ ಎಂಬ ಸಂಸ್ಥೆ, ನುನಾವುಟ್ ಸರ್ಕಾರ ಮತ್ತು ಈ ಪತ್ರಾಗಾರ ಸೇರಿ ಹೆಸರಿಡುವ ಯೋಜನೆಯನ್ನು ಆರಂಭಿಸಿದವು. ಉತ್ತರದ ಊರುಗಳಿಂದ ಬಂದ ಇನುಯಿಟ್ ಯುವಜನರಿಗೆ ತಮ್ಮ ಇತಿಹಾಸವನ್ನೂ ಸರ್ಕಾರದೊಂದಿಗಿನ ಭೂಹಕ್ಕಿನ ಒಪ್ಪಂದವನ್ನೂ ಕಲಿಸುವ ಸಂಸ್ಥೆ ಅದು. ಮೊದಲ ಸುತ್ತಿಗೆ ಛಾಯಾಗ್ರಾಹಕ ರಿಚರ್ಡ್ ಹ್ಯಾರಿಂಗ್ಟನ್ 1940ರ ದಶಕದ ಕೊನೆಯಲ್ಲೂ 1950ರ ದಶಕದ ಆರಂಭದಲ್ಲೂ ತೆಗೆದ ಸುಮಾರು 500 ಚಿತ್ರಗಳನ್ನು ಆರಿಸಿಕೊಂಡರು. ವಿದ್ಯಾರ್ಥಿಗಳು ಆ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ತಮ್ಮ ಊರುಗಳಿಗೆ ಹೋಗಿ ಹಿರಿಯರಿಗೆ ತೋರಿಸಿದರು. ಅರ್ಧ ಶತಮಾನ ಅನಾಮಿಕವಾಗಿದ್ದ ಮುಖಗಳಲ್ಲಿ ಬಹುಪಾಲಿಗೆ ಹೆಸರು ಸಿಕ್ಕಿತು. 1950ರ ಬರಗಾಲದಲ್ಲಿ ಪಾಡ್ಲೆ ಎಂಬಲ್ಲಿ ಹಸಿವಿನಿಂದ ಸೊರಗಿದ್ದವರ ಚಿತ್ರಗಳೂ ಹ್ಯಾರಿಂಗ್ಟನ್ ಅವರ ಸಂಗ್ರಹದಲ್ಲಿವೆ ಎಂಬುದನ್ನು ನೆನೆದರೆ, ಇದು ಬರಿಯ ಗುರುತು ಹಚ್ಚುವ ಕೆಲಸವಲ್ಲ ಎಂಬುದು ತಿಳಿಯುತ್ತದೆ.

ಹೆಸರಿನ ವಿಷಯ ಇನುಯಿಟ್ ಜನರಿಗೆ ಇನ್ನೊಂದು ಕಾರಣಕ್ಕೂ ದೊಡ್ಡದು. ಅವರಲ್ಲಿ ತೀರಿಹೋದವರ ಹೆಸರು ಹುಟ್ಟಿದ ಮಗುವಿಗೆ ದಾಟುತ್ತದೆ. ಗಂಡು ಹೆಣ್ಣೆಂಬ ಭೇದ ಅದಕ್ಕಿಲ್ಲ. ಹೆಸರಿನೊಂದಿಗೆ ನಂಟೂ ದಾಟುವುದರಿಂದ, ತಂದೆಯ ಹೆಸರು ಹೊತ್ತ ಹೆಣ್ಣುಮಗುವನ್ನು ತಾಯಿ ಅಪ್ಪ ಎಂದು ಸಂಬೋಧಿಸುವುದುಂಟು. ಸರ್ಕಾರಕ್ಕೆ ಈ ಪದ್ಧತಿ ತಲೆಬುಡ ತಿಳಿಯಲಿಲ್ಲ. 1941ರಿಂದ ಎಲ್ಲರಿಗೂ ಅಂಕೆ ಕೊರೆದ ಬಿಲ್ಲೆಗಳನ್ನು ಹಂಚಿ, ಪೂರ್ವದವರಿಗೆ ಒಂದು ಅಕ್ಷರ, ಪಶ್ಚಿಮದವರಿಗೆ ಇನ್ನೊಂದು ಅಕ್ಷರ, ಮುಂದೆ ಸಂಖ್ಯೆ ಎಂದು ಗುರುತಿಸಿತು. 1960ರ ದಶಕದ ಕೊನೆಯಲ್ಲಿ ಏಬ್ ಓಕ್ಪಿಕ್ ಎಂಬ ಇನುಯಿಟ್ ಮುಂದಾಳು ಊರೂರು ತಿರುಗಿ ಎಲ್ಲರಿಗೂ ಕುಲನಾಮ ಬರೆಸುವವರೆಗೂ ಆ ಬಿಲ್ಲೆಗಳೇ ಆಡಳಿತದ ಕಣ್ಣಿಗೆ ಅವರ ಹೆಸರು. ಹಾಗಿರುವಾಗ ಇಪ್ಪತ್ತರ ಹರೆಯದ ಹುಡುಗನೊಬ್ಬ ಹಳೆಯ ಚಿತ್ರವೊಂದನ್ನು ಅಜ್ಜಿಯ ಮುಂದೆ ಹಿಡಿದಾಗ, ಆತ ತನ್ನದೇ ಹೆಸರಿನ ಹಿಂದಿನ ವಾರಸುದಾರನ ಮುಖವನ್ನು ಮೊದಲ ಸಲ ನೋಡುತ್ತಿರುವ ಸಂಭವ ಇದ್ದೇ ಇದೆ. ನನ್ನಂಥ ಹೊರಗಿನ ಪತ್ರಪಾಲಕಿಗೆ ಆ ಚಿತ್ರದಿಂದ ಸಿಗುವುದು ಒಂದು ಸೂಚಿಪತ್ರದ ನಮೂದು ಮಾತ್ರ.

ನಿವೃತ್ತ ಮೇಷ್ಟ್ರು

ಇಬ್ಬರ ಬರಹವೂ ತಿಳಿವಳಿಕೆ ಕೊಟ್ಟಿತು. ಆದರೆ ಒಂದು ಸಂದೇಹ. ಹಿರಿಯರು ಮಕ್ಕಳ ಮುಂದೆ ಕಹಿಯನ್ನು ಹೇಳಲು ಹಿಂಜರಿಯುವುದಿಲ್ಲವೇ? ಹಸಿವು, ಅವಮಾನ, ಮಕ್ಕಳನ್ನು ಕಳೆದುಕೊಂಡದ್ದು, ಇಂಥವನ್ನು ಪರಸ್ಥಳದವರಿಗೆ ಹೇಳುವುದು ಸುಲಭ, ಮನೆಯ ಮಕ್ಕಳಿಗೆ ಹೇಳುವುದು ಕಷ್ಟ. ಹೊಣೆಯಾಗಿ ದಾಟುತ್ತದೆ ಎಂದು ತಾವು ಹೇಳುವ ಜಾಗದಲ್ಲಿ ಮೌನ ದಾಟಿರಲಿಕ್ಕೂ ಸಾಕು.

ಉತ್ತರಾಪಥ

ಮೇಷ್ಟ್ರೇ, ತಾವು ಎತ್ತಿದ ಪ್ರಶ್ನೆ ಈ ವಿಷಯದ ನಡುಗಂಬ. ಅದಕ್ಕೆ ಎರಡು ಮುಖಗಳಿವೆ.

ಮೊದಲನೆಯದು, ಪ್ರಶ್ನೆ ಕೇಳುವುದೇ ಆ ಸಂಸ್ಕೃತಿಯಲ್ಲಿ ಸಹಜವಾದ ನಡವಳಿಕೆಯಲ್ಲ. ಇನುಯಿಟ್ ಮಕ್ಕಳು ನೋಡಿ, ಜೊತೆಯಲ್ಲಿ ಹೋಗಿ, ಮಾಡಿ ಕಲಿಯಬೇಕೇ ಹೊರತು ಹಿರಿಯರನ್ನು ಕೆದಕಿ ಕೇಳಬಾರದು. ಹೆಚ್ಚು ಪ್ರಶ್ನೆ ಹಾಕುವುದು ಬುದ್ಧಿ ಬಲಿಯದ ಲಕ್ಷಣ. ಹೀಗಾಗಿ ಸಂದರ್ಶನ ಎಂಬ ಕ್ರಮವೇ ಎರಡೂ ಕಡೆಯವರಿಗೆ ಹೊಸದು. ಇಕಲುವಿಟ್‌ನ ಸಂಪುಟಗಳನ್ನು ಓದಿದರೆ ಹಿರಿಯರು ಮತ್ತೆ ಮತ್ತೆ ಒಂದು ಗಡಿ ಹಾಕಿಕೊಳ್ಳುವುದು ಕಾಣುತ್ತದೆ: ತಾವು ಕಂಡದ್ದನ್ನು, ಅನುಭವಿಸಿದ್ದನ್ನು ಮಾತ್ರ ಹೇಳುತ್ತಾರೆ, ಬೇರೆಯವರಿಂದ ಕೇಳಿದ್ದಾದರೆ ಹಾಗೆಂದು ತಿಳಿಸುತ್ತಾರೆ, ಗೊತ್ತಿಲ್ಲದಿದ್ದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಎಲ್ಲ ಇನುಯಿಟ್ ಜನರ ಪರವಾಗಿ ಮಾತನಾಡುವ ಹಿರಿಯ ಅಲ್ಲಿ ಸಿಗುವುದು ಅಪರೂಪ. ಪರಂಪರೆಯ ಸಾರಾಂಶ ಬೇಕಾಗಿದ್ದ ಸಂಶೋಧಕರಿಗೆ ಇದು ತೊಡಕಾಗಿ ಕಂಡಿರಬಹುದು, ನನಗಂತೂ ಇದು ಇತಿಹಾಸಕಾರನಿಗೆ ಇರಬೇಕಾದ ಶಿಸ್ತೇ ಎನ್ನಿಸುತ್ತದೆ.

ಎರಡನೆಯದು ತಾವು ಹೇಳಿದ ಮೌನ. ಅದು ಇದ್ದದ್ದು ನಿಜ, ಅದಕ್ಕೆ ಕಾರಣವೂ ಇದೆ. 1950ರ ದಶಕದಿಂದ ಚೆಸ್ಟರ್‌ಫೀಲ್ಡ್ ಇನ್‌ಲೆಟ್‌ನಂಥ ವಸತಿ ಶಾಲೆಗಳಿಗೆ ಮಕ್ಕಳನ್ನು ಕರೆದೊಯ್ದರು; ಅವರು ಮರಳಿದಾಗ ತಂದೆತಾಯಿಗಳೊಂದಿಗೆ ಆಡಲು ಪೂರ್ತಿ ಭಾಷೆ ಉಳಿದಿರಲಿಲ್ಲ, ಬೇಟೆ ಕಲಿಯುವ ವಯಸ್ಸು ದಾಟಿಹೋಗಿತ್ತು. ಅದೇ ದಶಕದಲ್ಲಿ ಕ್ಷಯರೋಗಿಗಳನ್ನು ಹಡಗಿನಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಸಾಗಿಸಿದರು. ಎಷ್ಟೋ ಮಂದಿ ಅಲ್ಲಿಯೇ ತೀರಿಕೊಂಡರು, ಎಲ್ಲಿ ಹೂಳಿದರೆಂಬ ಸುದ್ದಿಯೂ ಮನೆಗೆ ಬರಲಿಲ್ಲ. 2019ರ ಮಾರ್ಚ್‌ನಲ್ಲಿ ಪ್ರಧಾನಿ ಟ್ರೂಡೊ ಇಕಲುವಿಟ್‌ಗೆ ಬಂದು ಇದಕ್ಕಾಗಿ ಕ್ಷಮೆ ಕೇಳಿದರು. ಕಾಣೆಯಾದವರ ಸಮಾಧಿಗಳನ್ನು ಕುಟುಂಬಗಳಿಗೆ ಹುಡುಕಿಕೊಡುವ ನಾನಿಲಾವುಟ್ ಎಂಬ ಕಾರ್ಯವೂ ನಡೆಯುತ್ತಿದೆ.

ಆರ್ವಿಯಾಟ್ ಹಿರಿಯರಲ್ಲಿ ಆಹಿಯಾರ್ಮಿಯುಟ್ ಎಂಬ ಒಳನಾಡಿನ ಗುಂಪಿನವರಿದ್ದಾರೆ. ಕ್ಯಾರಿಬೂ ಜಿಂಕೆಗಳನ್ನು ನಂಬಿ ಎನ್ನಡಾಯ್ ಸರೋವರದ ಬಳಿ ಬದುಕಿದ್ದ ಇವರನ್ನು ಸರ್ಕಾರ 1950ರಿಂದ ಹತ್ತು ವರ್ಷದೊಳಗೆ ಮತ್ತೆ ಮತ್ತೆ ಎತ್ತಿ ಬೇರೆಡೆ ಇಳಿಸಿತು. 1957ರಲ್ಲಿ ಹೆನಿಕ್ ಸರೋವರಕ್ಕೆ ಒಯ್ದ ಮೇಲೆ ಬಂದ ಚಳಿಗಾಲದಲ್ಲಿ ಕೆಲವರು ಹಸಿವಿನಿಂದ ಸತ್ತರು. ಈ ಘಟನೆಗಳ ಕಾಲದಲ್ಲಿ ಚಿಕ್ಕ ಮಕ್ಕಳಾಗಿದ್ದವರೇ ಇಂದು ಹಿರಿಯರು. ಅವರು ಹೇಳದೆ ಇದ್ದಿದ್ದರೆ ಊರಿನ ಹುಡುಗರಿಗೆ ತಮ್ಮ ಮನೆಗಳು ಸಮುದ್ರದಂಡೆಗೆ ಹೇಗೆ ಬಂದವೆಂಬುದೇ ತಿಳಿಯುತ್ತಿರಲಿಲ್ಲ. 2019ರ ಜನವರಿಯಲ್ಲಿ ಕೇಂದ್ರ ಸಚಿವೆ ಆರ್ವಿಯಾಟ್‌ಗೇ ಬಂದು ಕ್ಷಮೆ ಕೋರಿದರು, 50 ಲಕ್ಷ ಡಾಲರುಗಳ ಪರಿಹಾರವೂ ದೊರಕಿತು. ಹಿಂಜರಿಕೆ ಇದ್ದೇ ಇರುತ್ತದೆ ಮೇಷ್ಟ್ರೇ; ಆದರೆ ಕೇಳುವವರು ತಮ್ಮದೇ ಮಕ್ಕಳೆಂಬ ಕಾರಣಕ್ಕೆ ಬಾಯಿ ಬಿಟ್ಟ ಹಿರಿಯರೂ ಇರುತ್ತಾರೆ.

ಸಂಶಯಪ್ರಿಯ

ಭಾವನೆಯ ಮಾತುಗಳು ಸಾಕಷ್ಟಾದವು. ಇತಿಹಾಸವೆಂದರೆ ಪರಿಶೀಲನೆಗೆ ಒಳಗಾಗಬೇಕು. ಎಪ್ಪತ್ತು ವರ್ಷದ ಹಿಂದಿನ ಘಟನೆಯನ್ನು ನೆನಪಿನಿಂದ ಹೇಳಿದಾಗ ಅದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಸೇರಿದ್ದು? ಕೇಳುವ ಮೊಮ್ಮಗ ಗೌರವದಿಂದ ತಲೆಬಾಗಿ ಕುಳಿತಿದ್ದರೆ ಎದುರುಪ್ರಶ್ನೆ ಹಾಕುವವರು ಯಾರು? ಹೊರಗಿನ ವಿದ್ವಾಂಸನಿಗಾದರೂ ಆ ಸ್ವಾತಂತ್ರ್ಯ ಇರುತ್ತದೆ. ಊರಿನ ಯುವಕರೇ ದಾಖಲಿಸುವುದರಿಂದ ಆತ್ಮೀಯತೆ ಹೆಚ್ಚುತ್ತದೆ ಎಂಬುದನ್ನು ಒಪ್ಪುತ್ತೇನೆ, ಖಚಿತತೆಯೂ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಬೇಕು.

ಟೊರಾಂಟೊ ನಿವಾಸಿ

ಸಂಶಯಪ್ರಿಯರು ಕೇಳಿರುವ ಆಧಾರಕ್ಕೆ ಫ್ರಾಂಕ್ಲಿನ್ ಹಡಗುಗಳ ಪ್ರಕರಣಕ್ಕಿಂತ ಸ್ಪಷ್ಟವಾದದ್ದು ನನಗೆ ತಿಳಿದಿಲ್ಲ. ನಾನು ಕೆನಡಾದಲ್ಲಿ ನೆಲೆಸಿರುವುದರಿಂದ ಈ ಸುದ್ದಿ ಇಲ್ಲಿ ಎಷ್ಟು ದೊಡ್ಡದಾಯಿತೆಂಬುದನ್ನೂ ಬಲ್ಲೆ.

1845ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಸರ್ ಜಾನ್ ಫ್ರಾಂಕ್ಲಿನ್ ಎರೆಬಸ್, ಟೆರರ್ ಎಂಬ ಎರಡು ಹಡಗುಗಳೊಂದಿಗೆ ಆರ್ಕ್ಟಿಕ್ ಮಾರ್ಗ ಹುಡುಕಲು ಹೊರಟರು. ಹಡಗುಗಳಲ್ಲಿದ್ದ 129 ಜನರಲ್ಲಿ ಒಬ್ಬರೂ ಮರಳಲಿಲ್ಲ. 1854ರಲ್ಲಿ ಜಾನ್ ರೇ ಎಂಬ ಅನ್ವೇಷಕರು ಇನುಯಿಟ್ ಜನರಿಂದ ಕೇಳಿದ್ದನ್ನು ವರದಿ ಮಾಡಿದರು: ಬಿಳಿಯರು ಹಸಿವಿನಿಂದ ಸತ್ತರು, ಕೊನೆಯಲ್ಲಿ ಸತ್ತವರ ಮಾಂಸವನ್ನೇ ತಿಂದರು. ಲಂಡನ್ನಿನಲ್ಲಿ ಕೋಲಾಹಲವಾಯಿತು. ಚಾರ್ಲ್ಸ್ ಡಿಕನ್ಸ್ ತಮ್ಮ ಪತ್ರಿಕೆಯಲ್ಲಿ ಇನುಯಿಟ್ ಜನರ ಮಾತನ್ನು ನಂಬಲಾಗದೆಂದು ಬರೆದರು, ಅವರೇ ಕೊಂದಿರಬಹುದೆಂಬ ಸಂಶಯವನ್ನೂ ಹರಿಯಬಿಟ್ಟರು. 1997ರಲ್ಲಿ ಆ ನಾವಿಕರ ಮೂಳೆಗಳ ಅಧ್ಯಯನ ಪ್ರಕಟವಾದಾಗ ಅವುಗಳ ಮೇಲೆ ಕತ್ತಿಯ ಗುರುತುಗಳಿದ್ದುದು ದೃಢಪಟ್ಟಿತು. ಒಂದು ಹಡಗು ದಕ್ಷಿಣಕ್ಕೆ ಸರಿದು ಮುಳುಗಿತೆಂದು ಇನುಯಿಟ್ ಹಿರಿಯರು ತಲೆಮಾರುಗಳಿಂದ ಹೇಳುತ್ತಿದ್ದರು. 2014ರಲ್ಲಿ ಎರೆಬಸ್ ಹಡಗು ಆ ಭಾಗದಲ್ಲಿಯೇ ಸಿಕ್ಕಿತು. 2016ರಲ್ಲಿ ಟೆರರ್ ಸಿಕ್ಕಿದ್ದು ಜೋವಾ ಹೇವನ್ ಊರಿನ ಬೇಟೆಗಾರನೊಬ್ಬ ಕೊಟ್ಟ ಸುಳಿವಿನಿಂದ. ಅದೇ ಊರಿನ ಲೂಯಿ ಕಾಮೂಕಕ್ ಅವರು ಬಾಲ್ಯದಲ್ಲಿ ಮುತ್ತಜ್ಜಿಯಿಂದ ಕೇಳಿದ ಕಥೆಯಿಂದ ಆರಂಭಿಸಿ, ಹಲವು ದಶಕಗಳ ಕಾಲ ಹಿರಿಯರ ಮಾತುಗಳನ್ನು ಬರೆದಿಟ್ಟು, ಅನ್ವೇಷಕರ ದಿನಚರಿಗಳೊಂದಿಗೆ ಹೋಲಿಸುತ್ತ ಬಂದವರು, 2018ರಲ್ಲಿ ತೀರಿಕೊಂಡರು. ಎದುರುಪ್ರಶ್ನೆ ಹಾಕುವವರು ಯಾರು ಎಂದಿರಿ. ಊರಿನೊಳಗಿನವರೊಬ್ಬರೇ ಆ ಕೆಲಸವನ್ನು ಜೀವಮಾನವಿಡೀ ಮಾಡಿದರು.

ಕಾನೂನಿನ ದೃಷ್ಟಿಯಿಂದಲೂ ಪ್ರಶ್ನೆ ಅಲ್ಲಿಯೇ ನಿಂತಿಲ್ಲ. 1997ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಡೆಲ್ಗಮೂಕ್ ತೀರ್ಪಿನಲ್ಲಿ ಮೂಲನಿವಾಸಿಗಳ ಮೌಖಿಕ ಇತಿಹಾಸವನ್ನು ಲಿಖಿತ ದಾಖಲೆಗಳ ಸಮಕ್ಕೆ ಇಟ್ಟು ಪರಿಗಣಿಸಬೇಕೆಂದಿತು; ಆ ಮೊಕದ್ದಮೆ ಬ್ರಿಟಿಷ್ ಕೊಲಂಬಿಯಾದ ಬೇರೆ ಜನಾಂಗಗಳದ್ದು, ಆದರೂ ತತ್ವ ಎಲ್ಲರಿಗೂ ಅನ್ವಯಿಸಿತು.

ಇನ್ನು ಕಡತಗಳ ಖಚಿತತೆಯ ಬಗ್ಗೆ ಒಂದು ಮಾತು. ನುನಾವುಟ್ ಪೂರ್ವ ಭಾಗದ ಬಾಫಿನ್ ಪ್ರದೇಶದ ಇನುಯಿಟ್ ಜನರು 1950ರಿಂದ ಸುಮಾರು 1970ರವರೆಗೆ ಪೊಲೀಸರು ತಮ್ಮ ಗಾಡಿನಾಯಿಗಳನ್ನು ಗುಂಡಿಕ್ಕಿ ಕೊಂದರೆಂದು ಹೇಳುತ್ತಲೇ ಬಂದಿದ್ದರು. ನಾಯಿಗಳಿಲ್ಲದೆ ಬೇಟೆಯಿಲ್ಲ, ಬೇಟೆಯಿಲ್ಲದೆ ಬಯಲಿಗೆ ಮರಳುವ ದಾರಿಯಿಲ್ಲ. 2006ರಲ್ಲಿ ಪೊಲೀಸ್ ಪಡೆ ತನ್ನ ಬಗ್ಗೆ ತಾನೇ ಬರೆದುಕೊಂಡ ವರದಿ ಸಂಘಟಿತ ಹತ್ಯೆ ನಡೆದಿಲ್ಲವೆಂದಿತು. ಅದನ್ನು ಒಪ್ಪದ ಇನುಯಿಟ್ ಸಂಘಟನೆ ಕಿಕಿಕ್ತಾನಿ (ಬಾಫಿನ್ ಪ್ರದೇಶಕ್ಕೆ ಇನುಯಿಟ್ ಹೆಸರು) ಸತ್ಯಶೋಧನಾ ಆಯೋಗವನ್ನು ತಾನೇ ನೇಮಿಸಿತು. 2007ರಿಂದ 2010ರ ನಡುವೆ ಅದು ಊರೂರುಗಳಲ್ಲಿ ನೂರಾರು ಜನರ ಹೇಳಿಕೆ ಕೇಳಿತು, ಕಡತಗಳನ್ನೂ ಜೊತೆಗಿಟ್ಟು ಓದಿತು. 2019ರ ಆಗಸ್ಟ್‌ನಲ್ಲಿ ಕೆನಡಾ ಸರ್ಕಾರ ಕ್ಷಮೆ ಕೇಳಿತು.

ಸಂಶಯಪ್ರಿಯ

ಫ್ರಾಂಕ್ಲಿನ್ ಪ್ರಕರಣ ಬಲವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾವು ಕೊಟ್ಟ ಉದಾಹರಣೆಗಳಲ್ಲಿ ಯುವಕರೆಲ್ಲಿದ್ದಾರೆ? ಒಂದು ಕಡೆ ನಡುವಯಸ್ಸಿನ ಇತಿಹಾಸಾಸಕ್ತ, ಇನ್ನೊಂದು ಕಡೆ ನ್ಯಾಯಾಲಯ, ಮತ್ತೊಂದು ಕಡೆ ಆಯೋಗ. ಉತ್ತರಾಪಥರ ಮೂಲ ವಾದ ಇದ್ದದ್ದು ಯುವಜನರ ಬಗ್ಗೆ.

ಉತ್ತರಾಪಥ

ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರವಾಗಿ ಸ್ವಲ್ಪ ಹಿಂದಕ್ಕೆ, 1970ರ ದಶಕಕ್ಕೆ ಹೋಗುತ್ತೇನೆ.

ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಘಟನೆ 1971ರಲ್ಲಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಟಾಗಕ್ ಕರ್ಲಿ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನುನಾವುಟ್‌ನ ಪಿತಾಮಹರೆಂದು ಈಗ ಕರೆಯಲಾಗುವ ಜಾನ್ ಅಮಾಗೋಲಿಕ್ ಅವರೂ ಅದೇ ವಯೋಮಾನದವರು. 1953ರಲ್ಲಿ ಕ್ವಿಬೆಕ್ ಉತ್ತರ ಭಾಗದ ಇನುಕ್‌ಜುವಾಕ್‌ನಿಂದ ದೂರದ ಉತ್ತರದ ರೆಸೊಲ್ಯೂಟ್‌ಗೆ ಸಾಗಿಸಲ್ಪಟ್ಟ ಕುಟುಂಬಗಳಲ್ಲಿ ಬಾಲಕರಾಗಿದ್ದವರು. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಈ ತಲೆಮಾರಿಗಿತ್ತು. ನೆಲ ತಮ್ಮದೆಂದು ಸಾಬೀತುಪಡಿಸಬೇಕಾದ ತಿಳಿವಳಿಕೆ ಮಾತ್ರ ಹಿರಿಯರ ಬಳಿಯಿತ್ತು. ಆ ಸಂಘಟನೆ ನಡೆಸಿದ ಭೂಬಳಕೆಯ ಸಮೀಕ್ಷೆಯಲ್ಲಿ ಬೇಟೆಗಾರರು ತಾವು ಜೀವಮಾನದಲ್ಲಿ ಎಲ್ಲಿ ಕ್ಯಾರಿಬೂ ಹೊಡೆದರು, ಎಲ್ಲಿ ಬಲೆ ಹಾಕಿದರು, ಯಾವ ಹಿಮಗಡ್ಡೆಯ ಅಂಚಿನಲ್ಲಿ ಸೀಲ್‌ಗಾಗಿ ಕಾದರು ಎಂಬುದನ್ನು ನಕ್ಷೆಗಳ ಮೇಲೆ ಗೆರೆ ಎಳೆದು ತೋರಿಸಿದರು. 1976ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ನಕ್ಷೆಗಳು ಭೂಹಕ್ಕಿನ ಮಾತುಕತೆಗೆ ಬುನಾದಿಯಾದವು, 1993ರಲ್ಲಿ ಒಪ್ಪಂದವಾಯಿತು, 1999ರ ಏಪ್ರಿಲ್ 1ರಂದು ನುನಾವುಟ್ ಪ್ರಾಂತ ಅಸ್ತಿತ್ವಕ್ಕೆ ಬಂತು. ಯುವಕರು ಕೇಳಿದರು, ಹಿರಿಯರು ಗೆರೆ ಎಳೆದರು, ಕೊನೆಗೆ ದೇಶದ ಭೂಪಟವೇ ಬದಲಾಯಿತು. ಆತ್ಮೀಯತೆಯಿಂದ ಇಷ್ಟು ಸಾಧ್ಯವಾಗುವುದಾದರೆ ಅದನ್ನು ಕೇವಲ ಭಾವನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಖಚಿತತೆಯ ಪ್ರಶ್ನೆಗೂ ಇಲ್ಲೊಂದು ಉತ್ತರವಿದೆ. ಇಗ್ಲೂಲಿಕ್ ಸುತ್ತಲಿನ ಪ್ರಯಾಣದ ದಾರಿಗಳು ಪ್ರತಿ ಬೇಸಿಗೆಯಲ್ಲಿ ಹಿಮದೊಂದಿಗೆ ಕರಗಿಹೋಗುತ್ತವೆ, ಮುಂದಿನ ಚಳಿಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಮೂಡುತ್ತವೆ. ಸ್ಥಳನಾಮಗಳ ಸರಣಿಯಾಗಿ ಬಾಯಿಂದ ಬಾಯಿಗೆ ದಾಟುವ ಈ ಮಾರ್ಗಗಳನ್ನು ಸಂಶೋಧಕರು ಬೇಟೆಗಾರರ ಜೊತೆ ಪಯಣಿಸಿ ಉಪಗ್ರಹ ಸಾಧನದಲ್ಲಿ ಗುರುತಿಸಿದ್ದಾರೆ, ಹಳೆಯ ಅನ್ವೇಷಕರ ನಕ್ಷೆಗಳೊಂದಿಗೆ ಹೋಲಿಸಿಯೂ ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ಇನುಯಿಟ್ ಮಾರ್ಗಗಳ ಭೂಪಟವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ತೆರೆದು ನೋಡಬಹುದು. ತಪ್ಪು ನೆನಪಿಟ್ಟವನನ್ನು ಅಲ್ಲಿ ತಿದ್ದುವುದು ಚಳಿಗಾಲವೇ.

ಭಾಷಾ ವಿದ್ಯಾರ್ಥಿನಿ

ನಾನು ಈವರೆಗೆ ಓದುತ್ತ ಮಾತ್ರ ಇದ್ದೆ, ಭಾಷೆಯ ವಿಷಯ ಯಾರೂ ಮುಟ್ಟದಿರುವುದರಿಂದ ಬರೆಯುತ್ತಿದ್ದೇನೆ.

ಧ್ವನಿಮುದ್ರಣದ ನಂತರದ ಕೆಲಸವೇ ಹೆಚ್ಚು ಕಠಿಣ. ಒಂದು ಗಂಟೆಯ ಮಾತನ್ನು ಕೇಳಿ ಕೇಳಿ ಇನುಕ್ಟಿಟುಟ್ ಲಿಪಿಯಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತರಬೇಕು. ಪೂರ್ವದ ಬಹುಪಾಲು ಊರುಗಳಲ್ಲಿ ಬಳಕೆಯಲ್ಲಿರುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳು ಕ್ರೀ ಭಾಷೆಯ ಲಿಪಿಯಿಂದ ಹೊಂದಿಸಿಕೊಂಡ ಅಕ್ಷರಮಾಲೆ. ಪಶ್ಚಿಮದಲ್ಲಿಯೂ ಲ್ಯಾಬ್ರಡಾರ್‌ನಲ್ಲಿಯೂ ರೋಮನ್ ಲಿಪಿ. ಊರಿಂದೂರಿಗೆ ಉಪಭಾಷೆ ಬೇರೆ. ಹಿರಿಯರು ಬೇಟೆಯ ಬಯಲಿನ ಪದಗಳಲ್ಲಿ ಮಾತನಾಡುತ್ತಾರೆ: ಗಾಡಿಯ ಒಂದೊಂದು ಭಾಗ, ತೊಗಲಿನ ಹೊಲಿಗೆಯ ಒಂದೊಂದು ಬಗೆ, ಹಿಮಗಡ್ಡೆಯ ಒಂದೊಂದು ಸ್ಥಿತಿ. ಮರದ ಮನೆಯಲ್ಲಿ, ಹೀಟರಿನ ಬಿಸಿಯಲ್ಲಿ ಬೆಳೆದವರಿಗೆ ಅದರಲ್ಲಿ ಎಷ್ಟೋ ಪದ ಅಪರಿಚಿತ. ಬರೆಯಲು ಕುಳಿತ ತರುಣಿ ಮತ್ತೆ ಎದ್ದು ಹಿರಿಯರ ಬಳಿ ಹೋಗಲೇಬೇಕು. ನಿಜವಾದ ಕಲಿಕೆ ನಡೆಯುವುದು ಈ ಎರಡನೆಯ ಭೇಟಿಯಲ್ಲಿ ಎಂಬುದು ನನ್ನ ಅನಿಸಿಕೆ. ಹೊರಗಿನ ಸಂಶೋಧಕ ವಿಮಾನ ಹತ್ತಿ ಹೋದ ಮೇಲೆ ಈ ಎರಡನೆಯ ಭೇಟಿಗೆ ಅವಕಾಶವಿರುವುದಿಲ್ಲ.

ಇದನ್ನು ಒಬ್ಬಂಟಿಯಾಗಿ ಮಾಡಿದ ಒಬ್ಬರನ್ನು ನೆನೆಯಬೇಕು. ಕ್ವಿಬೆಕ್ ಉತ್ತರ ಭಾಗದ ಪುವಿರ್ನಿಟುಕ್ ಊರಿನ ಟಾಮುಸಿ ಕುಮಾಕ್ ಶಾಲೆಯ ಮುಖ ಕಂಡವರಲ್ಲ. ಅವರು ತಮ್ಮ ಜನರ ಬದುಕಿನ ವಿಶ್ವಕೋಶವನ್ನೂ, 1991ರಲ್ಲಿ ಪ್ರಕಟವಾದ ನಿಘಂಟನ್ನೂ ಪೂರ್ತಿಯಾಗಿ ಇನುಕ್ಟಿಟುಟ್‌ನಲ್ಲಿಯೇ ಬರೆದರು. ಪದವೂ ಅದರ ವಿವರಣೆಯೂ ಅದೇ ಭಾಷೆಯಲ್ಲಿ. ಕಿರಿಯರು ಬಂದು ಕೇಳುವವರೆಗೆ ಕಾಯದೆ ಬರೆದಿಟ್ಟ ಹಿರಿಯರೂ ಇದ್ದರೆಂಬುದನ್ನು ಉತ್ತರಾಪಥ ಅವರು ತಮ್ಮ ವಾದದಲ್ಲಿ ಸೇರಿಸಿಕೊಳ್ಳಬೇಕು.

ನಿವೃತ್ತ ಮೇಷ್ಟ್ರು

ಕುಮಾಕ್ ಅವರ ವಿಷಯ ತಿಳಿಸಿದ್ದಕ್ಕೆ ಧನ್ಯವಾದಗಳು, ತಂಗಿ. ಕಡತದ ಕೋಣೆಯವರಿಗೆ ಒಂದು ಪ್ರಶ್ನೆ: ಇಷ್ಟೆಲ್ಲ ದಾಖಲಾದ ಮೇಲೆ ಅದರ ಒಡೆತನ ಯಾರದು? ಹಿರಿಯರದೋ, ಊರಿನದೋ, ಕಾಲೇಜಿನದೋ?

ಕಡತದ ಕೋಣೆ

ಮೇಷ್ಟ್ರೇ, ಹಳೆಯ ಕಾಲದಲ್ಲಿ ಉತ್ತರ ಸರಳವಾಗಿತ್ತು: ಧ್ವನಿಮುದ್ರಣ ಮಾಡಿದವರು ಒಯ್ದರು. ಟೇಪು ದಕ್ಷಿಣದ ವಿಶ್ವವಿದ್ಯಾಲಯದಲ್ಲಿ, ಪುಸ್ತಕ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ, ಹೇಳಿದವರ ಊರಿಗೆ ಒಂದು ಪ್ರತಿಯೂ ಇಲ್ಲ. ಅದರ ವಿರುದ್ಧದ ಸಿಟ್ಟು ಇಂದಿಗೂ ಆರಿಲ್ಲ. 2018ರಲ್ಲಿ ಇನುಯಿಟ್ ರಾಷ್ಟ್ರೀಯ ಸಂಘಟನೆ ಪ್ರಕಟಿಸಿದ ಸಂಶೋಧನಾ ನೀತಿಯು, ತಮ್ಮ ಬಗೆಗಿನ ಮಾಹಿತಿಯ ಮೇಲೆ ತಮ್ಮ ಹಿಡಿತವಿರಬೇಕು, ಯಾವುದನ್ನು ಸಂಶೋಧಿಸಬೇಕೆಂಬ ನಿರ್ಧಾರದಲ್ಲಿಯೂ ತಮ್ಮ ಪಾಲಿರಬೇಕು ಎಂದು ಸ್ಪಷ್ಟವಾಗಿ ಕೇಳಿದೆ.

ಆದರೆ ಊರಿನಲ್ಲಿಯೇ ಇಟ್ಟುಕೊಂಡರೆ ಎಲ್ಲವೂ ಬಗೆಹರಿಯಿತೆಂದು ತಿಳಿಯಬೇಡಿ. 1980ರ ದಶಕದ ಕ್ಯಾಸೆಟ್ಟು ತಾನಾಗಿಯೇ ಸವೆಯುತ್ತದೆ, ಅದನ್ನು ನುಡಿಸುವ ಯಂತ್ರಗಳ ಬಿಡಿಭಾಗ ಸಿಗುವುದಿಲ್ಲ, ಡಿಜಿಟಲ್ ಪ್ರತಿ ಮಾಡಿದರೂ ಅದನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ಸಂಗ್ರಹಕ್ಕೆ ದಾಟಿಸುವ ಸಿಬ್ಬಂದಿ ಬೇಕು. ಎರಡು ಸಾವಿರ ಜನರ ಊರಿನಲ್ಲಿ ಯೋಜನೆಯ ಹಣ ಮುಗಿದ ದಿನ ಆ ಸಿಬ್ಬಂದಿಯ ಕೆಲಸವೂ ಮುಗಿಯುತ್ತದೆ. ದಾಖಲಿಸುವುದಕ್ಕೆ ಅನುದಾನ ಕೊಡಲು ಉತ್ಸಾಹವಿರುವವರು ಕಾಪಾಡುವುದಕ್ಕೆ ಕೊಡಲು ಅಷ್ಟೇ ಉತ್ಸಾಹ ತೋರುವುದಿಲ್ಲ, ಇದು ನನ್ನ ವೃತ್ತಿಯ ಹಳೆಯ ದೂರು.

ಒಡೆತನದ ಒಳಗೇ ಇನ್ನೊಂದು ಸೂಕ್ಷ್ಮವಿದೆ. ಹಿರಿಯರು ಹೇಳಿದ್ದರಲ್ಲಿ ಬದುಕಿರುವ ನೆರೆಹೊರೆಯವರ ಸಂಗತಿಗಳಿರುತ್ತವೆ, ಸತ್ತವರ ಜಗಳಗಳಿರುತ್ತವೆ. ಹೆಸರು ಮೊಮ್ಮಕ್ಕಳಿಗೆ ದಾಟಿರುವ ಸಮಾಜದಲ್ಲಿ ಸತ್ತವರೆಂದರೆ ಪೂರ್ತಿ 'ಹೋದವರು' ಅಲ್ಲ. ಚಿಕ್ಕ ಊರಿನಲ್ಲಿ ಹೆಸರು ಅಳಿಸಿದರೂ ಗುರುತು ಅಳಿಯದು. ಆದ್ದರಿಂದ ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸುವುದೇ ಉದಾರತೆ ಎಂಬ ನಮ್ಮ ಕಾಲದ ನಂಬಿಕೆಯನ್ನು ನಾನು ಇಲ್ಲಿ ಒಪ್ಪುವುದಿಲ್ಲ. ಕೆಲವು ಮಾತು ಊರಿನ ಕಪಾಟಿನಲ್ಲಿ, ಕೇಳಿ ಪಡೆಯುವವರಿಗೆ ಮಾತ್ರ ಸಿಗುವಂತೆ ಇರಲಿ.

ಸಂಶಯಪ್ರಿಯ

ಇದನ್ನು ನಾನು ಒಪ್ಪುತ್ತೇನೆ, ಅಪರೂಪಕ್ಕೆ. ಆದರೆ ಕಪಾಟಿನಲ್ಲಿಟ್ಟದ್ದನ್ನು ಯುವಕರು ಬಳಸುತ್ತಾರೆಯೇ ಎಂಬುದಷ್ಟೇ ಉಳಿದ ಪ್ರಶ್ನೆ.

ಟೊರಾಂಟೊ ನಿವಾಸಿ

ಬಳಸಿದ ಉದಾಹರಣೆಗಳಿವೆ. ಇಗ್ಲೂಲಿಕ್‌ನವರೇ ಆದ ಜಕಾರಿಯಾಸ್ ಕುನುಕ್ ಮತ್ತು ಸಂಗಡಿಗರು, ಹಿರಿಯರು ಹೇಳುತ್ತಿದ್ದ ಅಟನಾರ್ಜುವಾಟ್ ಕಥೆಯ ಹಲವು ಆವೃತ್ತಿಗಳನ್ನು ಧ್ವನಿಮುದ್ರಿಸಿಕೊಂಡು, ಅವನ್ನು ಹೋಲಿಸಿ ಚಿತ್ರಕಥೆ ಕಟ್ಟಿದರು. ಉಡುಪು, ದೀಪ, ಗಾಡಿಗಳ ವಿವರವನ್ನೂ ಹಿರಿಯರೇ ತಿದ್ದಿದರು. ಪೂರ್ತಿ ಇನುಕ್ಟಿಟುಟ್‌ನಲ್ಲಿದ್ದ ಆ ಚಲನಚಿತ್ರಕ್ಕೆ 2001ರಲ್ಲಿ ಕಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿ ಬಂತು. ಹಡ್ಸನ್ ಕೊಲ್ಲಿಯ ಸಾನಿಕಿಲುವಾಕ್ ಊರಿನಲ್ಲಿ ಬೇರುಬಿಟ್ಟಿರುವ ಸಂಸ್ಥೆಯೊಂದು 2019ರಲ್ಲಿ ಸಿಕು ಎಂಬ ಮೊಬೈಲ್ ಆ್ಯಪ್ ಹೊರತಂದಿದೆ. ಬೇಟೆಗೆ ಹೋದ ಯುವಕರು ಹಿಮಗಡ್ಡೆಯ ಸ್ಥಿತಿ, ಕಂಡ ಪ್ರಾಣಿ, ಅಪಾಯದ ಜಾಗಗಳನ್ನು ತಮ್ಮ ಭಾಷೆಯ ಪದಗಳೊಂದಿಗೆ ಅದರಲ್ಲಿ ನಮೂದಿಸುತ್ತಾರೆ. ಯಾರಿಗೆ ತೋರಿಸಬೇಕು, ಎಷ್ಟು ತೋರಿಸಬೇಕು ಎಂಬುದನ್ನು ನಮೂದಿಸಿದವರೇ ನಿರ್ಧರಿಸುತ್ತಾರೆ. ಕಡತದ ಕೋಣೆಯವರು ಹೇಳಿದ ಕಪಾಟಿಗೆ ಇಲ್ಲಿ ಬೀಗದ ಕೈ ಇದೆ, ಅದು ಬೇಟೆಗಾರನ ಕಿಸೆಯಲ್ಲಿಯೇ ಇದೆ.

ಹೆಸರಿಡುವ ಯೋಜನೆಯೂ ನಿಂತಿಲ್ಲ. 2015ರಿಂದ ಅದನ್ನು ಇತರ ಮೂಲನಿವಾಸಿಗಳ ಚಿತ್ರಗಳಿಗೂ ವಿಸ್ತರಿಸಿದ್ದಾರೆ, ಗುರುತು ಹಿಡಿದವರು ಮನೆಯಿಂದಲೇ ಪತ್ರಾಗಾರಕ್ಕೆ ಹೆಸರು ತಿಳಿಸಬಹುದು. ಆ ಸಂಗ್ರಹದಲ್ಲಿ ಹೆಸರಿಲ್ಲದ ಮುಖಗಳು ಇನ್ನೂ ಬಹಳ ಇವೆ.